ಮಂಡಿ ಕಟಕಟ ಅನ್ನುತ್ತೆ, ನಡೆಯೋದು ನಿಲ್ಲಿಸಬೇಕಾ?

ಕೂತು ಏಳುವಾಗ ಮಂಡಿ ಕಟಕಟ ಅನ್ನುತ್ತದೆ, ನೋವೇನೂ ಇಲ್ಲ, ಆದರೂ ಸವೆದುಹೋಗಿದೆ ಅಂತ ಭಯ, ವಾಕಿಂಗ್ ಬಿಟ್ಟುಬಿಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ನಾನು ಫಿಸಿಯೋಥೆರಪಿಸ್ಟ್. ಇದೇ ಭಯಕ್ಕೆ ನಡಿಗೆ ಬಿಟ್ಟು, ಕಾಲಿನ ಶಕ್ತಿಯನ್ನೇ ಕಳೆದುಕೊಂಡು ಬಂದವರನ್ನು ತುಂಬಾ ನೋಡಿದ್ದೇನೆ.

ನೋವು, ಊತ ಇಲ್ಲದ ಬರೀ ಶಬ್ದಕ್ಕೆ ಹೆದರಬೇಕಾಗಿಲ್ಲ. ಬೆರಳಿನ ಲಟಿಕೆ ತೆಗೆದಾಗ ಬರುವ ಸದ್ದೂ ಮೂಳೆ ಉಜ್ಜಿದ್ದಲ್ಲ, ಕೀಲಿನ ದ್ರವದಲ್ಲಿ ಏಳುವ ಗುಳ್ಳೆಯದ್ದು. ಅದಕ್ಕೇ ಒಮ್ಮೆ ತೆಗೆದ ಬೆರಳು ಮತ್ತೆ ಸದ್ದು ಮಾಡಲು ಸುಮಾರು 20 ನಿಮಿಷ ಬೇಕು. ಡೊನಾಲ್ಡ್ ಅಂಗರ್ ಅನ್ನುವ ಅಮೆರಿಕದ ವೈದ್ಯರು 50 ವರ್ಷ ಎಡಗೈಯ ಲಟಿಕೆ ಮಾತ್ರ ತೆಗೆದು ನೋಡಿದರು. ಕೊನೆಗೆ ಎರಡೂ ಕೈಯಲ್ಲಿ ಸಂಧಿವಾತ ಇರಲಿಲ್ಲ.

ಈಗ ಕಾಲು ಚಾಚಿ, ತೊಡೆ ಸಡಿಲ ಬಿಟ್ಟು, ಮಂಡಿಚಿಪ್ಪನ್ನು ಬೆರಳಿನಿಂದ ಅತ್ತಿತ್ತ ಸರಿಸಿ ನೋಡಿ. ಸಲೀಸಾಗಿ ಜಾರುತ್ತದೆ, ಅಲ್ವಾ? ಚಿಪ್ಪಿನ ಒಳಮೈಗೂ ಮೂಳೆಗಳ ತುದಿಗೂ ಕೆಲವೇ ಮಿಲಿಮೀಟರ್ ದಪ್ಪದ ನುಣುಪಾದ ಕಾರ್ಟಿಲೇಜ್ ಹೊದಿಕೆ ಇದೆ. ನಡುವೆ ಮೊಟ್ಟೆಯ ಬಿಳಿಯಂಥ ಲೋಳೆ ದ್ರವ, ಒಂದು ಟೀ ಚಮಚ ತುಂಬುವಷ್ಟೂ ಇರುವುದಿಲ್ಲ. ಕಾರ್ಟಿಲೇಜಿಗೆ ರಕ್ತನಾಳವೇ ಇಲ್ಲ. ಅದರ ಪೋಷಣೆ ಈ ದ್ರವದಿಂದಲೇ. ಕಾಲೂರಿದಾಗ ಸ್ಪಂಜಿನಂತೆ ಹಿಂಡಿಕೊಳ್ಳುತ್ತದೆ, ಎತ್ತಿದಾಗ ಹೀರಿಕೊಳ್ಳುತ್ತದೆ. ಅಂದ್ರೆ ನೀವು ಇಡುವ ಒಂದೊಂದು ಹೆಜ್ಜೆಯೂ ಅದಕ್ಕೆ ಒಂದೊಂದು ತುತ್ತು.

ಕಾರ್ಟಿಲೇಜಿಗೆ ನರವೂ ಇಲ್ಲ. ಹಾಗಾಗಿ ಸವೆತ ಶುರುವಾದಾಗ ಗೊತ್ತೇ ಆಗುವುದಿಲ್ಲ. ಕೆಳಗಿನ ಮೂಳೆ, ಕೀಲಿನ ಒಳಪೊರೆ ಕೆರಳಿದ ಮೇಲೆ ನೋವು. ಸವೆತದ ನೋವು ಸಾಮಾನ್ಯವಾಗಿ ಓಡಾಡಿದಾಗ ಜಾಸ್ತಿ, ಕೂತರೆ ಕಮ್ಮಿ. ರುಮಟಾಯ್ಡ್ ಅನ್ನುವ ಸಂಧಿವಾತ ಬೇರೆಯೇ ಕಾಯಿಲೆ. ಅದರಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಒಳಪೊರೆಯ ಮೇಲೆ ತಿರುಗಿಬೀಳುತ್ತದೆ. ಬೆಳಗ್ಗೆ ಎದ್ದಾಗ ಕೈಬೆರಳು ಬಿಗಿದುಕೊಂಡು, ಸಡಿಲವಾಗಲು ಗಂಟೆಗಟ್ಟಲೆ ಬೇಕಾದರೆ ತಡ ಮಾಡದೆ ವೈದ್ಯರಿಗೆ ತೋರಿಸಿ.

ಮೆಟ್ಟಿಲು ಇಳಿಯುವಾಗ ಮಂಡಿಯ ಮೇಲೆ ಮೈತೂಕದ ಮೂರು ಪಟ್ಟಿಗೂ ಜಾಸ್ತಿ ಭಾರ ಬೀಳುತ್ತದೆ. ಅದನ್ನು ತಡೆದುಕೊಳ್ಳೋಕೆ ತೊಡೆಯ ಮುಂಭಾಗದ ಸ್ನಾಯು ಗಟ್ಟಿ ಇರಬೇಕು. ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರವಾಗಿ ಎತ್ತಿ, ತೊಡೆ ಬಿಗಿಹಿಡಿದು, ಐದು ಎಣಿಸಿ ನಿಧಾನವಾಗಿ ಇಳಿಸಿ. ಎರಡೂ ಕಾಲಿಗೆ ಹತ್ತತ್ತು ಸಲ, ದಿನಕ್ಕೆ ಎರಡು ಹೊತ್ತು. ಮಂಡಿ ಊದಿದರೆ, ಬಿಸಿಯಾದರೆ, ನಡುವೆ ಸಿಕ್ಕಿಕೊಂಡು ಮಡಚಲು ಬಾರದಿದ್ದರೆ ವ್ಯಾಯಾಮ ನಿಲ್ಲಿಸಿ ಮೂಳೆ ವೈದ್ಯರನ್ನು ಕಾಣಿ. ಇಲ್ಲದಿದ್ದರೆ ನಾಳೆಯೂ ವಾಕಿಂಗ್ ಹೋಗಿ.