ಆಷಾಢದಲ್ಲಿ ಮನೆ ಮಾರೋಕೆ ಇಡ್ಬಹುದಾ?

ಪ್ರಶ್ನೆ: ಮೈಸೂರಲ್ಲಿ 30-40 ಸೈಟಲ್ಲಿ 2009ರಲ್ಲಿ ಕಟ್ಸಿದ ಮನೆ ಇದೆ, ಸೈಟು ಮನೆ ಎರಡೂ ನನ್ನ ಹೆಸರಲ್ಲೇ. ಮಾರಿ ಬೆಂಗಳೂರಲ್ಲಿ ಮಗಳ ಮನೆ ಹತ್ರ ಫ್ಲ್ಯಾಟ್ ತಗೋಳೋ ಯೋಚನೆ. ಯಜಮಾನ್ರು ಈಗ್ಲೇ ಬ್ರೋಕರ್‌ಗೆ ಹೇಳೋಣ ಅಂತಾರೆ, ನಮ್ಮತ್ತೆ ಆಷಾಢದಲ್ಲಿ ಆ ಮಾತೇ ಎತ್ಬೇಡಿ ಅಂತಾರೆ, ಬ್ರೋಕರ್ ನೋಡಿದ್ರೆ ದಸರಾ ತನಕ ಕಾಯಿರಿ ಅಂತಾನೆ. ಏನ್ ಮಾಡ್ಲಿ?
— ಓದುಗರು, ಮೈಸೂರು

ಉತ್ತರ: ನೋಡಿಮ್ಮಾ, ಆಷಾಢದಲ್ಲಿ ರಿಜಿಸ್ಟ್ರೇಷನ್ ಮಾಡ್ಸೋಕೆ ಜನ ಹಿಂದೇಟು ಹಾಕೋದು ನಿಜ, ಪಿತೃಪಕ್ಷ ಧನುರ್ಮಾಸದಲ್ಲೂ ಅದೇ ಕಥೆ. ಆದ್ರೆ ಮನೆ ನೋಡೋಕೆ ಬರೋರು ಬಂದೇ ಬರ್ತಾರೆ, ನೋಡಿ, ರೇಟು ಮಾತಾಡಿ, ಅಡ್ವಾನ್ಸ್ ಮಾತ್ರ ಶ್ರಾವಣಕ್ಕೆ ಕೊಡ್ತೀವಿ ಅಂತಾರೆ ಅಷ್ಟೇ. ನಿಮ್ಮನೆ ತಾರಸಿ ಸೋರಲ್ಲ ಅಂದ್ರೆ ಮಳೆಗಾಲದಲ್ಲೇ ಧೈರ್ಯವಾಗಿ ತೋರ್ಸಿ, ತಗೋಳೋರು ಬಂದ್ ತಕ್ಷಣ ಸೀಲಿಂಗ್ ಮೂಲೆ ನೋಡೋದು, ಬಾತ್‌ರೂಮ್ ಆಚೆ ಗೋಡೆ ಮೇಲೆ ಕೈ ಇಟ್ಟು ತಂಪಿದ್ಯಾ ಅಂತ ನೋಡೋದು, ಒಣಗಿದ್ರೆ ಅರ್ಧ ಕೆಲಸ ಆದಂಗೆ. ಸೋರ್ತಿದ್ರೆ ಮೊದ್ಲು ವಾಟರ್‌ಪ್ರೂಫಿಂಗ್ ಮಾಡ್ಸಿ, ಮೇಲೆ ಬರೀ ಪೇಂಟ್ ಬಳಿದ್ರೆ ಒಂದೇ ಮಳೆಗೆ ಉಬ್ಬಿ ಬರತ್ತೆ.

ಅವಸರ ಇಲ್ಲ ಅಂದ್ರೆ ನನ್ನ ಲೆಕ್ಕದಲ್ಲಿ ಸಂಕ್ರಾಂತಿ ಕಳೆದ್ಮೇಲಿಂದ ಅಕ್ಷಯ ತೃತೀಯ ತನಕ ಒಳ್ಳೆ ಟೈಮು. ಸ್ಕೂಲ್ ಶುರುವಾಗೋದ್ರೊಳಗೆ ಮನೆ ಸೇರ್ಕೋಬೇಕು ಅನ್ನೋ ಸಂಸಾರಗಳು ಆಗ್ಲೇ ಹುಡುಕೋದು, ಅಂಥವ್ರು ಹತ್ತು ಸಾವಿರಕ್ಕೆಲ್ಲಾ ಜಗ್ಗಾಡ್ತಾ ಕೂರಲ್ಲ. ದಸರಾ ದೀಪಾವಳಿನೂ ಪರ್ವಾಗಿಲ್ಲ, ಆದ್ರೆ ದಸರಾ ವಾರದಲ್ಲಿ ನಿಮ್ಮೂರಲ್ಲಿ ಕಾರು ನಿಲ್ಸೋಕೇ ಜಾಗ ಸಿಗಲ್ಲ, ಆಗ ಯಾರಿಗೆ ಮನೆ ತೋರಿಸ್ತೀರಿ!

ನನ್ ಕೇಳಿದ್ರೆ ತಿಂಗಳಿಗಿಂತ ಕಾಗದಪತ್ರ ಮುಖ್ಯ. ಈಗ ಇ-ಖಾತಾ, ಅಂದ್ರೆ ಆಸ್ತಿ ಯಾರ ಹೆಸರಲ್ಲಿದೆ ಅನ್ನೋ ಆನ್‌ಲೈನ್ ದಾಖಲೆ, ಇಲ್ದೆ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಕೆಲಸ ಆಗಲ್ಲ, ಖಾತಾದಲ್ಲಿ ಒಂದ್ ಹೆಸರು ಕ್ರಯಪತ್ರದಲ್ಲಿ ಇನ್ನೊಂದ್ ಇನಿಷಿಯಲ್ ಇದ್ರೂ ತಗೋಳೋರ ಬ್ಯಾಂಕು ಲೋನ್ ಫೈಲ್ ಪಕ್ಕಕ್ಕಿಡತ್ತೆ, ಅಷ್ಟೊತ್ತಿಗೆ ಅವ್ರು ಬೇರೆ ಮನೆ ನೋಡ್ಕೊಂಡಿರ್ತಾರೆ. ಹಾಗಾಗಿ ಇ-ಖಾತಾ, ಇಸಿ (ಆಸ್ತಿ ಮೇಲೆ ಸಾಲ-ಋಣ ಇದ್ಯಾ ಅಂತ ತೋರ್ಸೋ ಪತ್ರ), ಕಂದಾಯ ಕಟ್ಟಿದ ರಸೀದಿ, ಪ್ಲಾನ್ ಕಾಪಿ ಈ ಆಷಾಢದಲ್ಲೇ ರೆಡಿ ಮಾಡ್ಕೊಳಿ. ಇದಕ್ಕೆ ನಿಮ್ಮತ್ತೆನೂ ಬೇಡ ಅನ್ನಲ್ಲ.

ಟ್ಯಾಕ್ಸ್ ವಿಷ್ಯ ಒಂದಿದೆ. ಹಳೇ ಮನೆ ಆಗಿರೋದ್ರಿಂದ ಲಾಭದ ಮೇಲೆ 12.5 ಪರ್ಸೆಂಟ್, ಇಲ್ಲಾ ಇಂಡೆಕ್ಸೇಷನ್ ಹಾಕಿ, ಅಂದ್ರೆ ಹಳೇ ಖರ್ಚನ್ನ ಬೆಲೆಯೇರಿಕೆಗೆ ತಕ್ಕಂಗೆ ಹೆಚ್ಚಿಸಿ ಲೆಕ್ಕ ಹಾಕಿ, 20 ಪರ್ಸೆಂಟ್, ಯಾವ್ದು ಕಮ್ಮಿನೋ ಅದು. ಆ ಲಾಭನ ಎರಡು ವರ್ಷದೊಳಗೆ ಫ್ಲ್ಯಾಟಿಗೆ ಹಾಕಿದ್ರೆ ವಿನಾಯಿತಿ ಇದೆ, ಆದ್ರೆ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಸಲ್ಲಿಸೋ ಗಡುವಿನೊಳಗೆ ಫ್ಲ್ಯಾಟ್ ಆಗಿಲ್ಲ ಅಂದ್ರೆ ದುಡ್ಡನ್ನ ಬ್ಯಾಂಕಲ್ಲಿ ಕ್ಯಾಪಿಟಲ್ ಗೇನ್ಸ್ ಅಕೌಂಟ್‌ಗೆ ಹಾಕ್ಬೇಕು. ಮಾರ್ಚ್ ಕೊನೇಲಿ ರಿಜಿಸ್ಟರ್ ಆದ್ರೆ ಆ ಗಡುವು ಅದೇ ವರ್ಷ ಜುಲೈಗೆ ಬರತ್ತೆ, ಏಪ್ರಿಲ್‌ಗೆ ತಳ್ಳಿದ್ರೆ ಮುಂದಿನ ವರ್ಷ ಜುಲೈ ತನಕ ಆರಾಮಾಗಿ ಫ್ಲ್ಯಾಟ್ ಹುಡುಕ್ಬಹುದು. ಅಗ್ರಿಮೆಂಟ್ ಬರೆಸೋ ಮುಂಚೆನೇ ಒಬ್ರು ಆಡಿಟರ್ ಹತ್ರ ತೋರ್ಸಿ, ಬ್ರೋಕರ್ ಹೇಳಿದ ಲೆಕ್ಕ ನಂಬ್ಕೊಂಡ್ ಕೂರ್ಬೇಡಿ.