‘ಹೆಣ್ಣು ಅಂದ್ರೆ ಏನು, ಹೇಳು ನೋಡೋಣ’

(ಹೆಸರು, ಊರು, ಗುರುತು ಸಿಗುವ ವಿವರ ಎಲ್ಲವನ್ನೂ ಬದಲಿಸಿದ್ದೇನೆ.)

ಶೈಲಾ ನನ್ನ ಬಳಿ ಆಪ್ತಸಲಹೆಗೆ ಬಂದದ್ದು ನಿದ್ದೆ ಬರುತ್ತಿಲ್ಲ ಅಂತ. ಮಾತಾಡುತ್ತಾ ಹೋದಂತೆ ಮನೆಯ ವಿಷಯ ಹೊರಬಂತು. ತಂಗಿ ಸ್ಮಿತಾ ಟ್ರಾನ್ಸ್ ಮಹಿಳೆ; ಹುಟ್ಟಿದಾಗ ಗಂಡು ಅಂದಿದ್ದರು, ಈಗ ಹೆಣ್ಣಾಗಿ ಬದುಕುತ್ತಿದ್ದಾಳೆ. ಹಬ್ಬಕ್ಕೆ ಊರಿಗೆ ಹೋದಾಗಲೆಲ್ಲ ದೊಡ್ಡಪ್ಪ ಎಲ್ಲರ ಮುಂದೆ ಅದೇ ಪ್ರಶ್ನೆ ಎತ್ತುತ್ತಾರೆ: ‘ಹೆಣ್ಣು ಅಂದ್ರೆ ಏನು, ಹೇಳು ನೋಡೋಣ.’

ಶೈಲಾ ರಾತ್ರಿಯೆಲ್ಲ ಓದಿ ತಯಾರಾಗುತ್ತಿದ್ದರು. ಕ್ರೋಮೊಸೋಮ್ ವಿಷಯ ಹೇಳಿದರೆ ದೊಡ್ಡಪ್ಪ ‘ನಮ್ಮ ಸಂಪ್ರದಾಯ’ ಅನ್ನುತ್ತಾರೆ. ಯಲ್ಲಮ್ಮನ ಸೇವೆಗೆ ಸೀರೆ ಉಟ್ಟು ಬದುಕುವ ಜೋಗಪ್ಪಂದಿರೂ ಸಂಪ್ರದಾಯವೇ ಅಲ್ವಾ, ಟ್ರಾನ್ಸ್ ಮಹಿಳೆಯೇ ಆದ ಕಲಾವಿದೆ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂತಲ್ಲ ಅಂದರೆ, ‘ಅದು ಬೇರೆ, ಕಾನೂನು ಏನನ್ನುತ್ತೆ ಹೇಳು.’ ತನ್ನ ಲಿಂಗ ಯಾವುದು ಎಂದು ಹೇಳಿಕೊಳ್ಳುವ ಹಕ್ಕು ಟ್ರಾನ್ಸ್‌ಜೆಂಡರ್ ವ್ಯಕ್ತಿಯದೇ ಅಂತ 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ ಅಂದರೆ, ‘ಕೋರ್ಟಿಗೇನು ಗೊತ್ತು!’

ಕಳೆದ ಗೌರಿ ಹಬ್ಬದಲ್ಲಿ ‘ಹೆರುವವಳೇ ಹೆಣ್ಣು’ ಅಂದರಂತೆ. ಶೈಲಾ ತಕ್ಷಣ, ‘ಹಾಗಾದ್ರೆ ಅತ್ತೆ ಹೆಣ್ಣಲ್ವಾ?’ ಎಂದರು. ಅತ್ತೆಗೆ ಮಕ್ಕಳಿಲ್ಲ. ಬಡಿಸುತ್ತಿದ್ದ ಕೋಸಂಬರಿ ಪಾತ್ರೆ ಅಲ್ಲೇ ಇಟ್ಟು ಅವರು ಒಳಗೆ ಹೋದರು. ಸ್ಮಿತಾ ಎಲೆ ಬಿಟ್ಟು ಎದ್ದಳು. ದೊಡ್ಡಪ್ಪ ಆರಾಮಾಗಿ ಮಜ್ಜಿಗೆ ಅನ್ನ ಉಂಡರು.

ಈ ಪ್ರಕರಣದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಇದೇ. ಶೈಲಾ ಮಾತು ತರ್ಕಕ್ಕೆ ಸರಿ. ಆದರೆ ಅಲ್ಲಿ ನೋವಾಗಿದ್ದು ಪ್ರಶ್ನೆ ಎತ್ತಿದ ದೊಡ್ಡಪ್ಪನಿಗಲ್ಲ, ಉದಾಹರಣೆಯಾದ ಇಬ್ಬರಿಗೆ.

ನಾನು ಹೇಳಿದ್ದು: ತಿಳಿಯಬೇಕು ಅನ್ನುವವರು ಉತ್ತರ ಕೇಳಿ ಒಂದು ಗಳಿಗೆ ಯೋಚಿಸುತ್ತಾರೆ. ನಿಮ್ಮ ದೊಡ್ಡಪ್ಪ ಒಂದಕ್ಕೆ ಉತ್ತರ ಸಿಕ್ಕ ಕೂಡಲೇ ಇನ್ನೊಂದಕ್ಕೆ ಹಾರುತ್ತಾರೆ. ಒಮ್ಮೆ ಅವರನ್ನೇ ಕೇಳಿ, ‘ಯಾವ ಉತ್ತರ ಕೊಟ್ರೆ ಸ್ಮಿತಾನ ಮನೆಮಗಳು ಅಂತ ಒಪ್ಕೋತೀರಾ ದೊಡ್ಡಪ್ಪ?’ ಅದಕ್ಕೆ ಉತ್ತರವಿಲ್ಲ ಅಂದರೆ ಓದಿದ್ದನ್ನೆಲ್ಲ ಅಲ್ಲಿ ಸುರಿಯಬೇಡಿ. ‘ಅವಳು ನನ್ನ ತಂಗಿ. ಅವಳನ್ನು ಕೂರಿಸಿಕೊಂಡು ಈ ಚರ್ಚೆ ಬೇಡ.’ ಇಷ್ಟೇ, ದನಿ ಏರಿಸದೆ. ಮತ್ತೆ ಕೆಣಕಿದರೂ ಅದೇ ಮಾತು. ಸುಮ್ನೆ ಇದ್ದುಬಿಡಿ ಎಂದು ನಾನು ಹೇಳುವುದಿಲ್ಲ. ಪಕ್ಕದಲ್ಲಿ ಮಕ್ಕಳು ಕೇಳಿಸಿಕೊಳ್ಳುತ್ತಿರುತ್ತಾರೆ.

ಅದೇ ಮನೆಯಲ್ಲಿ ಅಜ್ಜಿಯೂ ಕೇಳಿದ್ದರು: ‘ಅವಳಿಗೆ ಸೀರೆ ತರ್ಲಾ, ಚೂಡಿದಾರ್ ತರ್ಲಾ?’ ಇದು ನಿಜವಾದ ಪ್ರಶ್ನೆ. ಅಜ್ಜಿ ಒಮ್ಮೊಮ್ಮೆ ಹಳೇ ಹೆಸರು ಹಿಡಿದು ಕರೆಯುತ್ತಾರಂತೆ. ಸಿಟ್ಟಾಗದೆ ತಿದ್ದಿ, ಅವರ ಜೊತೆ ಕೂತು ಮಾತಾಡಿ. ನಿಮ್ಮ ಹೊತ್ತು ಅಲ್ಲಿ ಖರ್ಚಾಗಲಿ.

ಅತ್ತೆಗೆ ಫೋನ್ ಮಾಡಿ ಕ್ಷಮೆ ಕೇಳಲು ಹೇಳಿದೆ, ದೊಡ್ಡಪ್ಪನ ವಿಷಯ ಎತ್ತದೆ. ತನ್ನ ಪರವಾಗಿ ಯಾರಾದರೂ ವಾದ ಮಾಡುವುದು ಸ್ಮಿತಾಗೆ ಬೇಕಾ ಅಂತಲೂ ಕೇಳಲು ಹೇಳಿದೆ. ಈವರೆಗೆ ಯಾರೂ ಕೇಳಿರಲಿಲ್ಲ.

ಮುಂದಿನ ಭೇಟಿಯಲ್ಲಿ ಶೈಲಾ ಅವಳ ಉತ್ತರ ತಂದರು: ‘ಜಗಳ ಬೇಡ ಅಕ್ಕ. ಊಟಕ್ಕೆ ನನ್ನ ಪಕ್ಕ ಕೂತ್ಕೋ. ನಾನು ಎದ್ರೆ ನೀನೂ ಎದ್ದು ಬಾ.’ ನಿದ್ದೆ ಸ್ವಲ್ಪ ಸುಧಾರಿಸಿತ್ತು. ದೀಪಾವಳಿಗೆ ಊರಿಗೆ ಹೋಗುವುದೋ ಬೇಡವೋ ಸ್ಮಿತಾನೇ ತೀರ್ಮಾನಿಸಲಿ, ಒತ್ತಾಯ ಮಾಡಬೇಡಿ ಎಂದೆ.