ಏಷ್ಯಾದ ಓದಿಗೆ ತಿಂಗಳಿಗೊಂದು ದೇಶ ಬೇಡ

ನಮಸ್ಕಾರ ಮೇಡಂ. ದಾವಣಗೆರೆಯಲ್ಲಿ ಹನ್ನೆರಡು ಮಂದಿ ಸೇರಿ ವರ್ಷವಿಡೀ ಏಷ್ಯಾದ ಸಮಾಜಗಳ ಬಗ್ಗೆ ಓದುವ ಕೂಟವೊಂದನ್ನು ನಡೆಸಬೇಕೆಂದಿದ್ದೀರಿ. ಜನವರಿಗೆ ಜಪಾನ್, ಫೆಬ್ರವರಿಗೆ ಕೊರಿಯಾ, ಮಾರ್ಚಿಗೆ ಚೀನಾ ಎಂದು ಪಟ್ಟಿಯನ್ನೂ ಹಾಕಿದ್ದೀರಿ. ಜೊತೆಗೆ ಪ್ರತಿ ತಿಂಗಳೂ ಆಯಾ ದೇಶದ ಊಟ, ಉಡುಪು, ಸಂಗೀತದ ಕಾರ್ಯಕ್ರಮವಿದ್ದರೆ ಹೇಗೆ ಎಂದು ಕೇಳಿದ್ದೀರಿ. ಮೈಸೂರಿನಲ್ಲಿ ಇಂಥದೇ ಕೂಟವನ್ನು ಆರು ವರ್ಷಗಳಿಂದ ನಡೆಸಿಕೊಂಡು ಬಂದವನಾಗಿ ಹೇಳುತ್ತೇನೆ: ಕೂಟ ಖಂಡಿತ ನಡೆಯುತ್ತದೆ, ಆದರೆ ಆ ಪಟ್ಟಿಯನ್ನು ಮಾತ್ರ ದಯವಿಟ್ಟು ಬದಿಗಿಡಿ.

ನಮ್ಮ ಮೊದಲ ವರ್ಷದ ಪಟ್ಟಿಯೂ ನಿಮ್ಮದರಂತೆಯೇ ಇತ್ತು. ಜಪಾನಿನ ತಿಂಗಳಲ್ಲಿ ಊಟದ ದಿನ ನಲವತ್ತು ಜನ ಬಂದರು, ಪುಸ್ತಕದ ದಿನ ಆರು ಜನ. ಬಾರದವರನ್ನು ದೂರಿ ಫಲವಿಲ್ಲ. ಮನೆ, ಕೆಲಸ, ಮಕ್ಕಳ ಪರೀಕ್ಷೆ ಎಲ್ಲವೂ ಇರುವವರು ಒಂದೇ ತಿಂಗಳಲ್ಲಿ ಮುನ್ನೂರು ಪುಟದ ಕಾದಂಬರಿಯನ್ನು ಓದಿ, ಅದರ ಹಿಂದಿನ ಇತಿಹಾಸವನ್ನೂ ತಿಳಿದುಕೊಂಡು, ಸಾಲದೆಂಬಂತೆ ಕಾರ್ಯಕ್ರಮಕ್ಕೂ ಸಿದ್ಧರಾಗುವುದು ಆಗದ ಮಾತು. ಕೊನೆಗೆ ಓದು ಬಿದ್ದುಹೋಗಿ ಕಾಗದದ ದೀಪಗಳಷ್ಟೇ ಉಳಿದವು. ಎರಡನೆಯ ವರ್ಷದಿಂದ ಒಂದೊಂದು ಸಮಾಜಕ್ಕೆ ಮೂರು ತಿಂಗಳು ಕೊಟ್ಟೆವು. ಮೊದಲ ಸಭೆಯಲ್ಲಿ ಒಂದು ಸಣ್ಣಕತೆ, ಎರಡನೆಯದರಲ್ಲಿ ಆ ಕತೆಯ ಬೆನ್ನಿಗಿರುವ ಸಂಗತಿ, ಮೂರನೆಯದರಲ್ಲಿ ಒಬ್ಬ ಅತಿಥಿ ಅಥವಾ ಒಂದು ಭೇಟಿ. ಕಾರ್ಯಕ್ರಮ ಓದಿನ ನಂತರವೇ ಬರಬೇಕೆಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಓದಿಕೊಂಡು ಬಂದವರಲ್ಲಿ ಕೇಳುವುದಕ್ಕೆ ಏನಾದರೂ ಇರುತ್ತದೆ. ಓದದೆ ಬಂದವರು ಫೋಟೊ ತೆಗೆಸಿಕೊಂಡು ಹೋಗುತ್ತಾರೆ.

ಆರಂಭಕ್ಕೆ ಚೀನಾದ ಲು ಶುನ್ 1919ರಲ್ಲಿ ಪ್ರಕಟಿಸಿದ ‘ಕೊಂಗ್ ಯಿಜಿ’ ಎಂಬ ಕತೆಯನ್ನು ತೆಗೆದುಕೊಳ್ಳಿ. ಕೆಲವೇ ಪುಟಗಳ ಕತೆ, ಒಂದೇ ಕೂತಿನಲ್ಲಿ ಓದಿ ಮುಗಿಯುತ್ತದೆ. ಹೆಂಡದಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗನೊಬ್ಬ ದೊಡ್ಡವನಾದ ಮೇಲೆ ನೆನಪಿಸಿಕೊಂಡು ಹೇಳುವ ಕತೆ ಅದು. ಆ ಅಂಗಡಿಯಲ್ಲಿ ಕೂಲಿಯವರು ಕಟ್ಟೆಯ ಮುಂದೆ ನಿಂತು ಕುಡಿಯುತ್ತಾರೆ, ಉದ್ದ ನಿಲುವಂಗಿಯವರು ಒಳಕೋಣೆಯಲ್ಲಿ ಕುಳಿತು ಕುಡಿಯುತ್ತಾರೆ. ನಿಲುವಂಗಿ ತೊಟ್ಟೂ ನಿಂತು ಕುಡಿಯುವವನು ಕೊಂಗ್ ಯಿಜಿ ಒಬ್ಬನೇ. ಸರ್ಕಾರಿ ಪರೀಕ್ಷೆಯ ಅತ್ಯಂತ ಕೆಳಗಿನ ಮೆಟ್ಟಿಲನ್ನೂ ಹತ್ತಲಾಗದ ಅವನಿಗೆ ಬೇರೆ ಕೆಲಸ ಗೊತ್ತಿಲ್ಲ, ಓದಿದವನೆಂಬ ಅಂಗಿಯನ್ನು ಕಳಚುವುದಕ್ಕೂ ಮನಸ್ಸಿಲ್ಲ. ಪುಸ್ತಕ ಕದಿಯುವುದು ಕಳ್ಳತನವಲ್ಲವೆಂದು ವಾದಿಸುತ್ತಾನೆ, ಒಂದೇ ಅಕ್ಷರವನ್ನು ನಾಲ್ಕು ಬಗೆಯಲ್ಲಿ ಬರೆಯಬಹುದೆಂದು ಆ ಹುಡುಗನಿಗೆ ಕಲಿಸಲು ಹೋಗುತ್ತಾನೆ. ಮುಂದೆ ಕಾಲು ಮುರಿಸಿಕೊಂಡು, ಒಮ್ಮೆ ತೆವಳುತ್ತ ಬಂದು ಕುಡಿದು ಹೋದವನು ಮತ್ತೆ ಕಾಣಿಸುವುದಿಲ್ಲ. ಅಂಗಡಿಯವನಿಗೆ ಅವನ ನೆನಪಾಗುವುದು ಹಲಗೆಯ ಮೇಲೆ ಉಳಿದ ಹತ್ತೊಂಬತ್ತು ಕಾಸಿನ ಬಾಕಿಯಿಂದ ಮಾತ್ರ.

ನಮ್ಮಲ್ಲಿ ಈ ಕತೆಯನ್ನು ಓದಿ ಮುಗಿಸಿದಾಗ, ಧಾರವಾಡದಲ್ಲಿ ಕೊಠಡಿ ಹಿಡಿದು ನಾಲ್ಕು ವರ್ಷ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದಿದ್ದ ಸದಸ್ಯರೊಬ್ಬರು, “ಈ ಅಂಗಿಯನ್ನು ನನ್ನ ಅಳತೆ ತೆಗೆದುಕೊಂಡೇ ಹೊಲಿದಂತಿದೆ” ಎಂದರು. ಆ ಸಭೆ ರಾತ್ರಿ ಒಂಬತ್ತರವರೆಗೂ ಮುಗಿಯಲಿಲ್ಲ. ಎರಡನೆಯ ಸಭೆಗೆ ಬೇಕಾದ ಸಂಗತಿಯೆಲ್ಲ ಈ ಕತೆಯೊಳಗೇ ಇದೆ. ಸುಮಾರು 1,300 ವರ್ಷ ನಡೆದು 1905ರಲ್ಲಿ ರದ್ದಾದ, ಅಧಿಕಾರಿಗಳನ್ನು ಆರಿಸುತ್ತಿದ್ದ ಚೀನಾದ ರಾಜಾಡಳಿತ ಪರೀಕ್ಷೆ ಯಾರನ್ನು ಮೇಲೆತ್ತಿತು, ಯಾರನ್ನು ಕಟ್ಟೆಯ ಬಳಿ ನಿಲ್ಲಿಸಿತು ಎಂಬುದನ್ನು ಒಬ್ಬರು ಇಪ್ಪತ್ತು ನಿಮಿಷ ಹೇಳಿದರೆ ಸಾಕು. 2023ರಲ್ಲಿ ಚೀನಾದ ಯುವಜನರು, ಪದವಿ ಪಡೆದರೂ ತಕ್ಕ ಕೆಲಸ ಸಿಗದ ತಮ್ಮ ಸ್ಥಿತಿಯನ್ನು ಹೇಳಿಕೊಳ್ಳಲು ಅಂತರ್ಜಾಲದಲ್ಲಿ ಇದೇ ಕೊಂಗ್ ಯಿಜಿಯ ನಿಲುವಂಗಿಯನ್ನು ಮಾತಾಗಿಸಿಕೊಂಡದ್ದನ್ನೂ ಅದಕ್ಕೆ ಸೇರಿಸಿ. ನೂರು ವರ್ಷ ಹಳೆಯ ಕತೆಯನ್ನು ಇಂದು ಏಕೆ ಓದಬೇಕೆಂದು ಯಾರೂ ಕೇಳುವುದಿಲ್ಲ.

ಇಂಗ್ಲಿಷ್ ಓದಲಾಗದ ಸದಸ್ಯರನ್ನು ಏನು ಮಾಡುವುದು ಎಂಬ ನಿಮ್ಮ ಆತಂಕಕ್ಕೆ ನಮ್ಮ ಗಮಕದ ಪದ್ಧತಿಯೇ ಪರಿಹಾರ. ಒಬ್ಬರು ವಾಚನ, ಮತ್ತೊಬ್ಬರು ವ್ಯಾಖ್ಯಾನ. ಒಬ್ಬರು ಒಂದೊಂದು ಭಾಗವನ್ನು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಅದನ್ನು ಕನ್ನಡದಲ್ಲಿ ಹೇಳುತ್ತ ಹೋಗುತ್ತಾರೆ. ನಮ್ಮಲ್ಲಿ ಅತ್ಯಂತ ಹರಿತವಾದ ಪ್ರಶ್ನೆ ಕೇಳುವವರು ಇಂಗ್ಲಿಷ್ ಬಾರದ ನಿವೃತ್ತ ಕಂಡಕ್ಟರೊಬ್ಬರು. ಪುಸ್ತಕವನ್ನು ಜೆರಾಕ್ಸ್ ಮಾಡಿಸಿ ಹಂಚುವುದಾಗಲಿ, ಗುಂಪಿಗೆ ಪಿಡಿಎಫ್ ಹಾಕುವುದಾಗಲಿ ಬೇಡ. ಲು ಶುನ್ ತೀರಿಕೊಂಡದ್ದು 1936ರಲ್ಲಿ. ನಮ್ಮ ದೇಶದಲ್ಲಿ ಲೇಖಕರ ಹಕ್ಕು ಅವರ ನಿಧನಾನಂತರ 60 ವರ್ಷ ಇರುತ್ತದೆಯಾದ್ದರಿಂದ ಮೂಲ ಕೃತಿ ಮುಕ್ತವಾಗಿದೆ, ಆದರೆ ಅನುವಾದಕರ ಹಕ್ಕು ಬೇರೆಯೇ ಲೆಕ್ಕ. ಮೂರು ಪ್ರತಿ ಕೊಂಡು ಕೈಯಿಂದ ಕೈಗೆ ದಾಟಿಸಿ.

ಈ ಪದ್ಧತಿಯಲ್ಲಿಯೇ ಇಂಡೋನೇಷ್ಯಾದ ಪ್ರಮುದ್ಯಾ ಅನಂತ ತೂರ್ ಅವರ ‘ಬುಮಿ ಮನುಸಿಯಾ’ ಕಾದಂಬರಿಯ ಮೊದಲ ಅಧ್ಯಾಯಗಳನ್ನು ಕೇಳಿಸಿ. 1965ರಲ್ಲಿ ಬಂಧಿತರಾದ ಅವರನ್ನು 1969ರಿಂದ ಹತ್ತು ವರ್ಷ ಬುರು ದ್ವೀಪದಲ್ಲಿಟ್ಟಿದ್ದರು. ಬರೆಯಲು ಕಾಗದ ಕೊಡದಿದ್ದಾಗ ಅವರು ಈ ಕತೆಯನ್ನು ಜೊತೆಯ ಕೈದಿಗಳಿಗೆ ಬಾಯಲ್ಲಿ ಹೇಳಿದರು. 1980ರಲ್ಲಿ ಪುಸ್ತಕವಾಯಿತು, ಮರುವರ್ಷ ನಿಷೇಧವಾಯಿತು. ಮೊದಲು ಕಿವಿಗೆ ಬಿದ್ದ ಕತೆಯನ್ನು ಕಿವಿಯಿಂದಲೇ ಕೇಳುವುದು ನ್ಯಾಯವೆಂದು ನನಗೆ ತೋರುತ್ತದೆ. ಆಗ ಆ ನಾಡನ್ನು ಆಳುತ್ತಿದ್ದ ಡಚ್ಚರ ಕಾನೂನು ಹೆಂಡತಿಯೆಂದೂ ಒಪ್ಪದ, ತಾಯಿಯೆಂದೂ ಲೆಕ್ಕಕ್ಕಿಡದ, ಕಾದಂಬರಿಯ ನ್ಯಾಯಿ ಒಂಟೊಸೊರೊ ಎಂಬ ಹೆಂಗಸಿನ ಬಗ್ಗೆ ನಿಮ್ಮ ಕೂಟದ ಮಹಿಳೆಯರೇ ಹೆಚ್ಚು ಮಾತಾಡುತ್ತಾರೆ, ನೋಡುತ್ತಿರಿ. ಮೂರನೆಯ ಸಭೆಗೆ ಜಾವಾದ ಚರ್ಮದ ಬೊಂಬೆಯಾಟವಾದ ವಯಾಂಗ್ ಕುಲಿತ್ ವಿಷಯವನ್ನಿಟ್ಟುಕೊಂಡು ನಮ್ಮ ತೊಗಲುಗೊಂಬೆ ಕಲಾವಿದರನ್ನು ಕರೆಸಿ. ವ್ಯಾಸರು ಕೇಳಿರದ ಸೆಮಾರ್ ಎಂಬ ಹಾಸ್ಯದ ಸೇವಕ ಅಲ್ಲಿ ಪಾಂಡವರ ಜೊತೆಗಿರುತ್ತಾನೆ. ನಮ್ಮ ತೊಗಲುಗೊಂಬೆಯಾಟದಲ್ಲಿ ನಗಿಸುವ ಕಿಳ್ಳೇಕ್ಯಾತ, ಬಂಗಾರಕ್ಕ ಇದ್ದಾರಲ್ಲ, ಹಾಗೆ. ಕಲಾವಿದರಿಗೆ ಹಾರ, ಶಾಲು ಮಾತ್ರವಲ್ಲದೆ ಗೌರವಧನವನ್ನೂ ಪ್ರಯಾಣದ ಖರ್ಚನ್ನೂ ಮೊದಲೇ ಮಾತಾಡಿಕೊಂಡು ಕೊಡಿ.

ಅತಿಥಿಗಳ ವಿಷಯದಲ್ಲಿ ನಾನೇ ಒಂದು ತಪ್ಪು ಮಾಡಿದ್ದೇನೆ. ಟಿಬೆಟನ್ ಸಮಾಜದ ಬಗ್ಗೆ ಓದುವಾಗ ಬೈಲಕುಪ್ಪೆಯ ವಿದ್ಯಾರ್ಥಿನಿಯೊಬ್ಬಳನ್ನು ಆಹ್ವಾನಿಸಿ, ನಿಮ್ಮ ದೇಶದ ಉಡುಪಿನಲ್ಲಿ ಬಂದರೆ ಚೆನ್ನಾಗಿರುತ್ತದೆ ಎಂದೆ. ಆಕೆ ನಗುತ್ತಲೇ, “ಸರ್, ನಾನು ಹುಟ್ಟಿದ್ದು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ” ಎಂದಳು. 1960ರ ದಶಕದ ಆರಂಭದಲ್ಲಿ, ಆಗಿನ ಮೈಸೂರು ರಾಜ್ಯ ಕೊಟ್ಟ ಭೂಮಿಯಲ್ಲಿ ಕಾಡು ಕಡಿದು ಮುಸುಕಿನ ಜೋಳ ಬೆಳೆಯಲು ಕಲಿತವರ ಮೊಮ್ಮಗಳು ಆಕೆ. ಅಂದಿನಿಂದ ಅತಿಥಿಯನ್ನು ಇಡೀ ದೇಶದ ವಕ್ತಾರರಂತೆ ಪ್ರಶ್ನಿಸಬಾರದು, ಅಡುಗೆ ಮಾಡಿ ತನ್ನಿ ಎನ್ನಬಾರದು, ಅವರ ಅಜ್ಜ-ಅಜ್ಜಿಯರ ಬದುಕಿನಿಂದ ಮಾತು ಆರಂಭಿಸಬೇಕು ಎಂಬ ನಿಯಮ ಮಾಡಿಕೊಂಡಿದ್ದೇವೆ. ಬೈಲಕುಪ್ಪೆಯಲ್ಲಿ ಎರಡು, ಹುಣಸೂರು, ಕೊಳ್ಳೇಗಾಲ ಮತ್ತು ಮುಂಡಗೋಡಿನ ಕಡೆ ಒಂದೊಂದು, ಹೀಗೆ ರಾಜ್ಯದಲ್ಲಿ ಐದು ಟಿಬೆಟನ್ ವಸತಿಗಳಿವೆ. ನಿಮಗೆ ಮುಂಡಗೋಡು ಹತ್ತಿರ. ಹೋಗುವ ಮೊದಲು ಅಲ್ಲಿನ ವಸತಿ ಕಚೇರಿಗೆ ಪತ್ರ ಬರೆಯಿರಿ. ಕೂಟದಲ್ಲಿ ವಿದೇಶಿ ಪಾಸ್‌ಪೋರ್ಟಿನವರಿದ್ದು ರಾತ್ರಿ ತಂಗುವುದಾದರೆ ಸಂರಕ್ಷಿತ ಪ್ರದೇಶದ ಅನುಮತಿ ಬೇಕು, ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಲೋಸರ್ ಹಬ್ಬ, ಅಂದರೆ ಅವರ ಹೊಸ ವರ್ಷ, ಫೆಬ್ರವರಿ ಅಥವಾ ಮಾರ್ಚಿನಲ್ಲಿ ಬರುತ್ತದೆ. ಅದು ಮನೆಯವರೆಲ್ಲ ಸೇರುವ ಹಬ್ಬವಾದ್ದರಿಂದ, ಕರೆದರಷ್ಟೇ ಹೋಗಿ. ಹಬ್ಬದ ಹಿಂದಿನ ದಿನಗಳಲ್ಲಿ ಮಾಡುವ ಗುತುಕ್ ಎಂಬ ಸಾರಿನ ಹಿಟ್ಟಿನುಂಡೆಗಳೊಳಗೆ ಮೆಣಸಿನಕಾಯಿ, ಇದ್ದಿಲು, ಉಣ್ಣೆ ಅಡಗಿಸಿಟ್ಟು, ಮೆಣಸಿನಕಾಯಿ ಸಿಕ್ಕವರು ವಾಚಾಳಿ, ಇದ್ದಿಲು ಸಿಕ್ಕವರ ಮನಸ್ಸು ಕಪ್ಪು ಎಂದು ನಗುತ್ತಾರೆ. (ನನಗೆ ಸಿಕ್ಕಿದ್ದು ಮೆಣಸಿನಕಾಯಿ, ಈ ಉತ್ತರದ ಉದ್ದ ನೋಡಿದರೆ ನಿಮಗೂ ಅನುಮಾನ ಉಳಿಯದು.)

ಸಿನಿಮಾ ತೋರಿಸುವುದಾದರೆ ಹಕ್ಕುದಾರರ ಅನುಮತಿ ಬೇಕು. ಮನೆಯ ಚಂದಾದಲ್ಲಿ ಬರುವುದನ್ನು ಸಭಾಂಗಣದ ಪರದೆಗೆ ಹಾಕುವಂತಿಲ್ಲ.

ಹೀಗೆ ಚೀನಾ, ಟಿಬೆಟ್, ಇಂಡೋನೇಷ್ಯಾಗಳಿಗೆ ಒಂಬತ್ತು ತಿಂಗಳಾಯಿತು. ಉಳಿದ ಮೂರು ತಿಂಗಳನ್ನು, ಕೊರಿಯಾದ ಧಾರಾವಾಹಿಗಳನ್ನು ನೋಡಿ ಆ ಭಾಷೆ ಕಲಿಯುತ್ತಿದ್ದಾರೆಂದು ನೀವು ಬರೆದಿರುವ ಆ ಇಬ್ಬರು ಹುಡುಗಿಯರ ಕೈಗೊಪ್ಪಿಸಿ. 2024ರ ಸಾಹಿತ್ಯ ನೊಬೆಲ್ ಪಡೆದ ದಕ್ಷಿಣ ಕೊರಿಯಾದ ಲೇಖಕಿ ಹಾನ್ ಕಾಂಗ್ ಹುಟ್ಟಿದ ಊರು ಗ್ವಾಂಗ್ಜು. 1980ರ ಮೇ ತಿಂಗಳಲ್ಲಿ ಅಲ್ಲಿ ಪ್ರಜಾಪ್ರಭುತ್ವಕ್ಕಾಗಿ ಬೀದಿಗಿಳಿದವರ ಮೇಲೆ ಸೇನೆ ಗುಂಡು ಹಾರಿಸಿತು. ಅಲ್ಲಿಂದ ಆರಂಭಿಸುವಂತೆ ಹೇಳಿ, ಮುಂದಿನದನ್ನು ಅವರೇ ಆರಿಸಲಿ, ಆ ಮೂರೂ ಸಭೆಗಳಲ್ಲಿ ನೀವು ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಿ.